ಪಾಸ್‌ಥ್ರೂ ನಂಬಿ ಬಿಸಿನೀರಿಗೆ ಕೈ ಹಾಕಬೇಡಿ

ಮಿಕ್ಸೆಡ್ ರಿಯಾಲಿಟಿ ಹೆಡ್‌ಸೆಟ್ (ಕಣ್ಣು ಮುಚ್ಚುವ ಹಾಗೆ ತಲೆಗೆ ಹಾಕುವ, ಸುತ್ತಲಿನ ನೋಟದ ಜೊತೆ ಕಂಪ್ಯೂಟರ್ ಚಿತ್ರಗಳನ್ನು ಬೆರೆಸಿ ತೋರಿಸುವ ಸಾಧನ) ಹಾಕಿಕೊಂಡೇ ಮನೆಕೆಲಸ ಮಾಡಬಹುದು ಅಂತ ತೋರಿಸುವ ವಿಡಿಯೊಗಳನ್ನು ದಯವಿಟ್ಟು ನಂಬಬೇಡಿ. ನನ್ನ ಎಡಗೈ ಬೆರಳುಗಳು ಸುಟ್ಟಿದ್ದು ಹಾಗೆ ಕೆಲಸ ಮಾಡುವಾಗಲೇ.

ಕೆಟಲ್‌ನಿಂದ ಲೋಟಕ್ಕೆ ನೀರು ಬಗ್ಗಿಸುತ್ತಿದ್ದೆ. ಗೋಡೆ, ಬಾಗಿಲು, ಮೇಜು ಎಲ್ಲ ಇದ್ದ ಹಾಗೇ ಕಾಣುತ್ತಿದ್ದವು. ಕೆಟಲ್ ಮೂತಿ ಹತ್ತಿರ ಬಂದ ಕೂಡಲೇ ಲೋಟದ ಅಂಚು ಅಲುಗಿತು. ಬೆರಳುಗಳ ಸುತ್ತ ಚಿತ್ರ, ಅಲೆಯಾಡುವ ನೀರಿನೊಳಗೆ ಇಣುಕಿದ ಹಾಗೆ, ಸೊಟ್ಟಗಾಯಿತು. ಲೋಟದ ನಡುವೆ ಬೀಳಬೇಕಾದ ನೀರು ಲೋಟ ಹಿಡಿದ ಕೈ ಮೇಲೆ ಬಿತ್ತು.

ಪಾಸ್‌ಥ್ರೂ ಅಂದರೆ ಹೆಡ್‌ಸೆಟ್ ತೆಗೆಯದೆಯೇ ಸುತ್ತಲಿನದನ್ನು ತೋರಿಸುವ ವ್ಯವಸ್ಥೆ. ಅದರಲ್ಲಿ ನಾವು ನೋಡುವುದು ಹೆಡ್‌ಸೆಟ್‌ನ ಹೊರಗಿನ ಕ್ಯಾಮೆರಾಗಳು ಹಿಡಿದ ವಿಡಿಯೊವನ್ನು. ಆ ಕ್ಯಾಮೆರಾಗಳು ನಮ್ಮ ಕಣ್ಣಿರುವ ಜಾಗದಲ್ಲಿ ಇಲ್ಲ, ಸ್ವಲ್ಪ ಮುಂದಿವೆ. ಹಾಗಾಗಿ ಯಾವ ವಸ್ತು ಎಷ್ಟು ದೂರ ಇದೆ ಅಂತ ಸಾಫ್ಟ್‌ವೇರ್ ಅಂದಾಜು ಮಾಡಿ, ಚಿತ್ರವನ್ನು ಎಳೆದು ಕಣ್ಣಿಗೆ ಹೊಂದಿಸುತ್ತದೆ. ದೂರದ ಗೋಡೆಯ ಅಂದಾಜು ಚೂರು ತಪ್ಪಿದರೆ ಗೊತ್ತೇ ಆಗುವುದಿಲ್ಲ. ಕೈಗೆಟುಕುವ ವಸ್ತುವಿನದು ತಪ್ಪಿದರೆ ಚಿತ್ರ ಬಾಗುತ್ತದೆ. ಇದರ ಜೊತೆಗೆ ಚಿತ್ರ ತಡವಾಗಿ ಬರುತ್ತದೆ. ತನ್ನ ವಿಷನ್ ಪ್ರೋ ಹೆಡ್‌ಸೆಟ್‌ನಲ್ಲಿ ಹೊಸ ಚಿತ್ರ 12 ಮಿಲಿಸೆಕೆಂಡ್ ಒಳಗೆ ಸ್ಕ್ರೀನ್ ಮುಟ್ಟುತ್ತದೆ ಅಂತ ಆಪಲ್ ಹೇಳುತ್ತದೆ. ಕಡಿಮೆ ಬೆಲೆಯ ಹೆಡ್‌ಸೆಟ್‌ಗಳಲ್ಲಿ ಈ ತಡ ಇನ್ನೂ ಜಾಸ್ತಿ.

ಚಿತ್ರ ಸುಧಾರಿಸಿದಷ್ಟೂ ಅಪಾಯ ಹೆಚ್ಚಾಗಿದೆ ಅನಿಸುತ್ತದೆ ನನಗೆ. ಮೆಟಾ ಕಂಪನಿಯ ಹಳೆಯ ಹೆಡ್‌ಸೆಟ್ ಕ್ವೆಸ್ಟ್ 2ರಲ್ಲಿ ಕಪ್ಪು-ಬಿಳುಪಿನ ಮಸುಕು ಚಿತ್ರ ಬರುತ್ತಿತ್ತು. ಅದನ್ನು ನೋಡಿಕೊಂಡು ಯಾರೂ ಕುದಿಯುವ ನೀರು ಮುಟ್ಟುತ್ತಿರಲಿಲ್ಲ, ಅಲ್ವಾ? 2023ರಲ್ಲಿ ಕ್ವೆಸ್ಟ್ 3 ಬಂದಾಗ ಬಣ್ಣವೂ ಇತ್ತು, ಆಳವೂ ಇತ್ತು. ಎದುರಿಗಿರುವುದು ವಿಡಿಯೊ ಅನ್ನುವುದೇ ಮರೆತುಹೋಗುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಸ್ವತಃ ಇಂಥ ಹೆಡ್‌ಸೆಟ್ ಹಾಕಿಕೊಂಡು ಓಡಾಡಿ ನೋಡಿ, ದೂರದ ಲೆಕ್ಕ ತಪ್ಪುತ್ತದೆ, ಹುಷಾರಾಗಿ ಬಳಸಿ ಅಂತ 2024ರಲ್ಲೇ ಬರೆದಿದ್ದರು.

ಒಲೆ, ಚಾಕು, ಮೆಟ್ಟಿಲು ಅಂದರೆ ಹೆಡ್‌ಸೆಟ್ ತೆಗೆದಿಡಿ. ಪಕ್ಕದ ನೋಟ ಹೇಗೂ ಕತ್ತರಿಸಿಹೋಗಿರುತ್ತದೆ. ಬ್ಯಾಟರಿ ಮುಗಿದರೆ ಎದುರಿನದೆಲ್ಲ ಒಮ್ಮೆಲೇ ಕಪ್ಪು.

ಇನ್ನೂ ತಗೊಂಡಿಲ್ಲದವರು ರೆಕಾರ್ಡ್ ಮಾಡಿದ ವಿಡಿಯೊ ನೋಡಿ ತೀರ್ಮಾನಿಸಬೇಡಿ. ಫೋನಿನ ಪುಟ್ಟ ಸ್ಕ್ರೀನ್ ಮೇಲೆ ಚೊಕ್ಕವಾಗಿ ಕಾಣುವ ಅದೇ ಚಿತ್ರ, ಹೆಡ್‌ಸೆಟ್‌ನ ಲೆನ್ಸ್ ಹಿಗ್ಗಿಸಿದಾಗ ಒರಟಾಗುತ್ತದೆ. ಜಗಮಗಿಸುವ ದೀಪದ ಕೆಳಗೆ ಡೆಮೊ ಕೊಟ್ಟರೆ ಅದೂ ಸಾಲದು. ಬೆಳಕು ಕಡಿಮೆಯಾದಾಗ ಚಿತ್ರದ ತುಂಬಾ ಕಾಳುಕಾಳು. ಮಂದ ಬೆಳಕಿನಲ್ಲಿ ಹಾಕಿ ನೋಡಿ. ಕೈಯನ್ನು ಮುಖದ ಹತ್ತಿರ ತಂದು ಬೆರಳು ಆಡಿಸಿ. ಫೋನ್ ತೆಗೆದು ಒಂದು ಮೆಸೇಜ್ ಪೂರ್ತಿ ಓದಲಾಗುತ್ತದಾ ನೋಡಿ.