ಸಾಲಿಡ್ ಸರ್ಫೇಸ್ ಕಟ್ಟೆಗೆ ಯಾವ ರೂಟರ್? ಮೂರನ್ನೂ ಓಡಿಸಿ ನೋಡಿದೆ

ಅಡುಗೆಮನೆಯ ಗ್ರಾನೈಟ್ ಕಟ್ಟೆಯಲ್ಲಿ ಜೋಡಣೆಯ ಗೆರೆ ಕಂಡರೆ ಮನೆಯವರು ಹೆಚ್ಚೇನೂ ಅನ್ನುವುದಿಲ್ಲ. ಸಾಲಿಡ್ ಸರ್ಫೇಸ್, ಅಂದರೆ ಅಕ್ರಿಲಿಕ್ ಮತ್ತು ಖನಿಜದ ಪುಡಿ ಸೇರಿಸಿ ಮಾಡಿದ ಹಾಳೆ, ಹಾಗಲ್ಲ. ಅವರು ಜಾಸ್ತಿ ದುಡ್ಡು ಕೊಡುವುದೇ ಆ ಗೆರೆ ಕಾಣಬಾರದು ಅಂತ. ಅದಕ್ಕೇ ರೂಟರ್ (ಬಿಟ್ ಎಂಬ ತಿರುಗುವ ಅಲಗಿನಿಂದ ಹಾಳೆ ಕೊಯ್ಯುವ ಕೈ ಮಷಿನ್) ಆರಿಸುವಾಗ ನಾನು ಮೊದಲು ನೋಡಿದ್ದು ಎಲ್ ಆಕಾರದ ಕಟ್ಟೆಯ ಮೂಲೆಯನ್ನು, ಎರಡು ಹಾಳೆ ಸೇರುವ ಜಾಗವನ್ನು.

ಉಳಿದ ಬಿಳಿ ತುಂಡುಗಳನ್ನು ತೆಗೆದುಕೊಂಡು, ಒಂದೇ ಕೆಲಸವನ್ನು ಮೂರು ಮಷಿನ್‌ನಲ್ಲಿ ಮಾಡಿದೆ. ಒಂದು 6 ಮಿಲಿಮೀಟರ್ ಕಾಲೆಟ್‌ನ (ಬಿಟ್ ಹಿಡಿಯುವ ಭಾಗ) ಸಣ್ಣ ಟ್ರಿಮ್ಮರ್, ಅಂದರೆ ಅಂಚು ಸವರುವ ಪುಟ್ಟ ರೂಟರ್. ಇನ್ನೊಂದು 8 ಮಿಲಿಮೀಟರ್ ಕಾಲೆಟ್‌ನ, 1,300 ವ್ಯಾಟ್‌ನ ಪ್ಲಂಜ್ ರೂಟರ್, ಬಿಟ್ಟನ್ನು ಮೇಲಿಂದ ಒಳಕ್ಕೆ ಇಳಿಸುವಂಥದ್ದು. ಮೂರನೆಯದು ಮಕಿತಾ ಆರ್‌ಪಿ2301ಎಫ್‌ಸಿ. ಇದು 2,100 ವ್ಯಾಟ್, ಅರ್ಧ ಇಂಚಿನ ಬಿಟ್ ಹಿಡಿಯುತ್ತದೆ, ವೇಗವನ್ನು ನಿಮಿಷಕ್ಕೆ 9,000ದಿಂದ 22,000 ಸುತ್ತಿನವರೆಗೆ ಬದಲಾಯಿಸಬಹುದು.

ಜೋಡಣೆಗೆ ನಾವು ಮಾಡುವುದು ಮಿರರ್ ಕಟ್. ಎರಡು ಹಾಳೆಗಳನ್ನು ಎದುರುಬದುರು ಇಟ್ಟು ಕ್ಲ್ಯಾಂಪ್ ಹಾಕುತ್ತೇವೆ. ನಡುವೆ 10 ಮಿಲಿಮೀಟರ್ ಜಾಗ. ನೇರ ಪಟ್ಟಿ ಹಿಡಿದು 12.7 ಮಿಲಿಮೀಟರ್ ಬಿಟ್ಟನ್ನು ಆ ಜಾಗದಲ್ಲಿ ಓಡಿಸಿದರೆ ಎರಡೂ ಅಂಚು ಒಟ್ಟಿಗೇ ಸವೆಯುತ್ತವೆ. ಪಟ್ಟಿ ಕೂದಲೆಳೆಯಷ್ಟು ಬಾಗಿದ್ದರೂ ಒಂದು ಕಡೆಯ ಉಬ್ಬಿಗೆ ಇನ್ನೊಂದು ಕಡೆ ತಗ್ಗು ಸಿಗುತ್ತದೆ. ಎಷ್ಟು ಚಂದದ ಉಪಾಯ, ಅಲ್ವಾ? ಆದರೆ ಅದು ಫಲಿಸಬೇಕಾದರೆ 12 ಮಿಲಿಮೀಟರ್ ದಪ್ಪವನ್ನು ಒಂದೇ ಸಲ ಕೊಯ್ಯಬೇಕು, ಬಿಟ್ ಅದುರಬಾರದು.

ಟ್ರಿಮ್ಮರ್ ಸೋತದ್ದು ಇಲ್ಲೇ. ಅದರಲ್ಲಿ ಮೂರು ಮಿಲಿಮೀಟರಿನಂತೆ ನಾಲ್ಕು ಸಲ ಓಡಿಸಬೇಕಾಯಿತು. ಪ್ರತಿ ಸಲವೂ ಬಿಟ್ಟಿನ ತೆಳು ಶ್ಯಾಂಕ್ (ಮಷಿನ್‌ಗೆ ಸಿಕ್ಕಿಸುವ ದಂಡ) ಸ್ವಲ್ಪ ಬೇರೆ ಥರ ಬಾಗಿತು. ಅಂಚಿನ ಮೇಲೆ ಬೆರಳು ಆಡಿಸಿದರೆ ಸಣ್ಣ ಮೆಟ್ಟಿಲುಗಳು ತಾಗುತ್ತಿದ್ದವು. ಅಂಟು ಹಾಕಿ, ಒಣಗಿಸಿ, ಉಜ್ಜಿದ ಮೇಲೆ ನನ್ನ ಜೊತೆ ಕೆಲಸ ಮಾಡುವ ಹುಡುಗ ದೂರದಿಂದಲೇ ಹೇಳಿದ, "ಅಣ್ಣಾ, ಗೆರೆ ಕಾಣ್ತಾ ಇದೆ." ಅವಸರಪಟ್ಟು ಒಂದೇ ಸಲ ಪೂರ್ತಿ ಆಳಕ್ಕೆ ಇಳಿಸಿದ ದಿನ ಬಿಟ್ ಮುರಿದು ಹಾರಿತು. ಕಣ್ಣಿಗೆ ಕನ್ನಡಕ ಇತ್ತು, ಸದ್ಯ.

ಮಧ್ಯದ ಮಷಿನ್ ಎರಡು ಸಲಕ್ಕೆ ಮುಗಿಸಿತು. ಬಿಳಿ ಹಾಳೆಯಲ್ಲಿ ಗೆರೆ ಅಷ್ಟಾಗಿ ಕಾಣಲಿಲ್ಲ. ಆದರೆ ಕಡು ಬಣ್ಣದ ತುಂಡಿನಲ್ಲಿ ಬಿಸಿಲು ಬಿದ್ದಾಗ ಗೊತ್ತಾಯಿತು. ದೊಡ್ಡದರಲ್ಲಿ ಒಂದೇ ಓಟ. ಅಂಟಿಸಿ ಉಜ್ಜಿದ ಮೇಲೆ ಜೋಡಣೆ ಎಲ್ಲಿದೆ ಅಂತ ನಾನೇ ಅಡಿಯಿಂದ ತಿರುಗಿಸಿ ನೋಡಿ ಪತ್ತೆ ಹಚ್ಚಬೇಕಾಯಿತು.

ಈ ಹಾಳೆಯಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಅಕ್ರಿಲಿಕ್, ಉಳಿದದ್ದು ಹೆಚ್ಚಾಗಿ ಅಲ್ಯೂಮಿನಿಯಂ ಖನಿಜದ ಪುಡಿ. ಅಕ್ರಿಲಿಕ್ ಬಿಸಿಗೆ ಮೆತ್ತಗಾಗುತ್ತದೆ. ಮಷಿನ್‌ಗೆ ಶಕ್ತಿ ಸಾಲದೆ ನಿಧಾನವಾಗಿ ತಳ್ಳಿದರೆ ಬಿಟ್ ಒಂದೇ ಜಾಗದಲ್ಲಿ ಉಜ್ಜಿ ಕಾಯುತ್ತದೆ, ಅಂಚು ಹೊಳಪಾಗಿ ಅಂಟಂಟಾಗುತ್ತದೆ. ಸರಿಯಾದ ವೇಗದಲ್ಲಿ ಹೋದರೆ ಚೂರುಗಳು ತುರಿದ ಕಾಯಿಯ ಹಾಗೆ ಹಾರುತ್ತವೆ. ನನಗೆ ಅದೇ ಗುರುತು. ಮಾಸ್ಕ್ ಮಾತ್ರ ಮರೆಯಬೇಡಿ.

ಸಿಂಕ್ ಮತ್ತು ಒಲೆಯ ತೂತಿಗೆ ಜಿಗ್‌ಸಾ (ಮೇಲೆ ಕೆಳಗೆ ಆಡುವ ಸಣ್ಣ ಗರಗಸದ ಮಷಿನ್) ಬಳಸಲೇಬೇಡಿ. ಅದರ ಹಲ್ಲು ಬಿಟ್ಟ ಸಣ್ಣ ಗೀರಿನಿಂದಲೇ ಮುಂದೆ ಬಿರುಕು ಹೊರಡುತ್ತದೆ, ಅದರಲ್ಲೂ ಒಲೆಯ ಬಿಸಿಗೆ. ಒಳಮೂಲೆ ಗುಂಡಗಿರಬೇಕು. ಅರ್ಧ ಇಂಚಿನ ಬಿಟ್ 6 ಮಿಲಿಮೀಟರ್‌ಗೂ ಸ್ವಲ್ಪ ಹೆಚ್ಚು ತ್ರಿಜ್ಯದ ಗುಂಡು ಮೂಲೆಯನ್ನು ತಾನಾಗೇ ಬಿಡುತ್ತದೆ. 6 ಮಿಲಿಮೀಟರ್ ಬಿಟ್ ಬಿಡುವುದು ಅದರ ಅರ್ಧದಷ್ಟು ಮಾತ್ರ.

ದೊಡ್ಡದರ ಕಷ್ಟ ಇರುವುದು ಕರೆಂಟಿನಲ್ಲಿ. 2,100 ವ್ಯಾಟ್ ಅಂದರೆ 230 ವೋಲ್ಟ್‌ಗೆ ಸುಮಾರು 9 ಆಂಪಿಯರ್. ಸಣ್ಣ ಸಾಕೆಟ್‌ಗೆ ಚುಚ್ಚುವ ಹಾಗಿಲ್ಲ, 16 ಆಂಪಿಯರ್‌ನದ್ದೇ ಬೇಕು. ಕಟ್ಟುತ್ತಿರುವ ಅಪಾರ್ಟ್‌ಮೆಂಟಿನಲ್ಲಿ ಉದ್ದದ ತೆಳು ವೈರ್ ಎಳೆದರೆ ವೋಲ್ಟೇಜ್ ಬಿದ್ದು ಮಷಿನ್ ಏದುಸಿರು ಬಿಡುತ್ತದೆ. ಹಾಗಾಗಿ ನಾನು ಸ್ವಂತ ದಪ್ಪ ವೈರನ್ನೇ ಒಯ್ಯುತ್ತೇನೆ. ಸಾಫ್ಟ್ ಸ್ಟಾರ್ಟ್ ಇರುವ ಮಷಿನ್ ಆದರೆ ಒಳ್ಳೆಯದು. ಆನ್ ಮಾಡಿದ ಕೂಡಲೇ ಕೈ ಎಳೆಯುವುದಿಲ್ಲ.

ಅಂಚು ಗುಂಡು ಮಾಡುವುದಕ್ಕೆ, ಜೋಡಣೆಯಲ್ಲಿ ಉಬ್ಬಿದ ಅಂಟು ಸವರುವುದಕ್ಕೆ ಮಾತ್ರ ಟ್ರಿಮ್ಮರೇ ಸರಿ. ಆರು ಕಿಲೋ ಭಾರವನ್ನು ಕಿರಿದಾದ ಅಂಚಿನ ಮೇಲೆ ನಿಲ್ಲಿಸಲು ಹೋದರೆ ವಾಲುತ್ತದೆ, ಅಂಚೇ ಕಿತ್ತುಹೋಗುತ್ತದೆ.

ಜೋಡಣೆಯೇ ಇಲ್ಲದ ನೇರ ಕಟ್ಟೆ ಮಾತ್ರ ಮಾಡುವವರಿಗೆ ಮಧ್ಯದ್ದೇ ಸಾಕು. ಮೂಲೆ ಕಟ್ಟೆ ಹಾಕುವವರು ಮೊದಲು ದೊಡ್ಡದನ್ನು ಕೊಳ್ಳಿ, ಕೈಗೆ ದುಡ್ಡು ಬಂದ ಮೇಲೆ ಟ್ರಿಮ್ಮರ್ ತನ್ನಿ. ನಾನು ಮಧ್ಯದ್ದನ್ನು ಪ್ಲೈವುಡ್ ಕೆಲಸಕ್ಕೆ ಇಟ್ಟುಕೊಂಡಿದ್ದೇನೆ.