ಹಬ್ಬದ ಸಾಲಕ್ಕೆ ಬದಲಾಗಿ ಅಂಚೆ ಕಚೇರಿಯ ಆರ್‌ಡಿ: ಕೊಡಗಿನ ಮನೆಗೆ ಎಷ್ಟು ಹೊಂದುತ್ತದೆ?

ಕೊಡಗಿನಲ್ಲಿ ಹಬ್ಬದ ಖರ್ಚು ಸಾಲವಾಗಿ ತಿರುಗುವುದಕ್ಕೆ ದುಂದುಗಾರಿಕೆಯೊಂದೇ ಕಾರಣವಲ್ಲ. ದುಡ್ಡು ಬರುವ ಕಾಲಕ್ಕೂ ಹೋಗುವ ಕಾಲಕ್ಕೂ ತಾಳೆಯಾಗದಿರುವುದು ಅದಕ್ಕಿಂತ ದೊಡ್ಡ ಕಾರಣ. ಸೆಪ್ಟೆಂಬರ್ ಮೊದಲ ವಾರದಲ್ಲಿ ಕೈಲ್ ಪೊಳ್ದ್ ಬರುತ್ತದೆ, ಆಮೇಲೆ ಮಡಿಕೇರಿ ದಸರಾ, ಅಕ್ಟೋಬರ್ ನಡುವಿನಲ್ಲಿ ಕಾವೇರಿ ಸಂಕ್ರಮಣ, ದೀಪಾವಳಿ, ನವೆಂಬರ್ ಕೊನೆಗೋ ಡಿಸೆಂಬರಿಗೋ ಪುತ್ತರಿ. ಅರೇಬಿಕಾ ಕಾಫಿಯ ಕೊಯ್ಲು ಶುರುವಾಗುವುದೇ ನವೆಂಬರ್ ಹೊತ್ತಿಗೆ, ರೊಬಸ್ಟಾ ಜನವರಿಯ ನಂತರ. ಕಾಫಿ ಮಾರಿದ ದುಡ್ಡು ಕೈಸೇರುವಷ್ಟರಲ್ಲಿ ನೆಂಟರು ಬಂದು ಉಂಡು ಹೋಗಿರುತ್ತಾರೆ, ಹೊಸ ಬಟ್ಟೆ ಹಳತಾಗಿರುತ್ತದೆ. ಈ ನಡುವಿನ ತಿಂಗಳುಗಳನ್ನು ಅಂಗಡಿಯ ಕಂತು, ಕ್ರೆಡಿಟ್ ಕಾರ್ಡ್ ಮತ್ತು ಅಡವಿಟ್ಟ ಒಡವೆ ತುಂಬಿಕೊಡುತ್ತಿವೆ. ಇವುಗಳಿಗೆ ಬದಲಾಗಿ ಅಂಚೆ ಕಚೇರಿಯ 5 ವರ್ಷದ ಆರ್‌ಡಿ (ರೆಕರಿಂಗ್ ಡೆಪಾಸಿಟ್, ಅಂದರೆ ತಿಂಗಳ ಕಂತಿನ ಠೇವಣಿ) ಖಾತೆ ನಿಲ್ಲಬಲ್ಲದೇ ಎಂಬುದನ್ನು, ಅದನ್ನು ಮನೆಯ ಲೆಕ್ಕದಲ್ಲಿ ಬಳಸುತ್ತಿರುವವಳಾಗಿ ಇಲ್ಲಿ ಪರಿಶೀಲಿಸಿದ್ದೇನೆ.

ಖಾತೆಯ ನಿಯಮಗಳು ಸರಳವಾಗಿವೆ. ತಿಂಗಳಿಗೆ ಕನಿಷ್ಠ 100 ರೂಪಾಯಿಯಿಂದ ಆರಂಭಿಸಬಹುದು, ಒಬ್ಬರೇ ಎಷ್ಟು ಖಾತೆಗಳನ್ನಾದರೂ ತೆರೆಯಬಹುದು. ಬಡ್ಡಿಯನ್ನು ಮೂರು ತಿಂಗಳಿಗೊಮ್ಮೆ ಅಸಲಿಗೆ ಸೇರಿಸುತ್ತಾರೆ, ಮತ್ತು ಖಾತೆ ತೆರೆದ ದಿನದ ದರವೇ ಕೊನೆಯವರೆಗೆ ಇರುತ್ತದೆ. 2023ರ ಅಕ್ಟೋಬರ್‌ನಲ್ಲಿ ನಿಗದಿಯಾದ ಶೇ. 6.7ರ ದರದಲ್ಲಿ ತಿಂಗಳಿಗೆ 1,000 ರೂಪಾಯಿ ಕಟ್ಟಿದರೆ, 60 ಕಂತುಗಳ ಕೊನೆಗೆ ಸುಮಾರು 71,366 ರೂಪಾಯಿ ಸಿಗುತ್ತದೆ.

ಈ ಯೋಜನೆಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆನಿಸಿದ್ದು ಬಡ್ಡಿಯ ದರವಲ್ಲ, ಮುಂಗಡ ಕಂತಿನ ಸೌಲಭ್ಯ. ನಮ್ಮಂಥ ಬೆಳೆಗಾರರ ಮನೆಗಳಿಗೆ ಇದರಷ್ಟು ಹೊಂದುವ ಅಂಶ ಇನ್ನೊಂದಿಲ್ಲ, ಆದರೂ ಇದರ ಬಗ್ಗೆ ಮಾತನಾಡುವವರು ಕಡಿಮೆ. ತಿಂಗಳ ಸಂಬಳವಿಲ್ಲದವರಿಗೆ ಪ್ರತಿ ತಿಂಗಳು ಕಟ್ಟುವುದು ಕಷ್ಟ, ಮಳೆಗಾಲದಲ್ಲಂತೂ ಇನ್ನೂ ಕಷ್ಟ. ಮಾರ್ಚ್‌ನಲ್ಲಿ ಕಾಫಿ ಮಾರಿದ ಕೂಡಲೇ 12 ಕಂತುಗಳನ್ನು ಒಟ್ಟಿಗೆ ಕಟ್ಟಿಬಿಟ್ಟರೆ, ತಿಂಗಳ ಕಂತಿನ ಪ್ರತಿ 100 ರೂಪಾಯಿಗೆ 40 ರೂಪಾಯಿ ರಿಯಾಯಿತಿ ಇದೆ. 1,000 ರೂಪಾಯಿಯ ಖಾತೆಗೆ 12,000ದ ಬದಲು 11,600 ಕಟ್ಟಿದರೆ ಸಾಕು, ವರ್ಷವಿಡೀ ಮತ್ತೆ ಆ ಕಡೆ ನೋಡಬೇಕಿಲ್ಲ. ಆರು ತಿಂಗಳಿಗೆ ಕಟ್ಟಿದರೆ ರಿಯಾಯಿತಿ ಪ್ರತಿ 100ಕ್ಕೆ 10 ರೂಪಾಯಿ ಮಾತ್ರ. ಆದ್ದರಿಂದ ಸಾಧ್ಯವಾದವರು ಪೂರ್ತಿ ವರ್ಷದ್ದನ್ನೇ ಕಟ್ಟುವುದು ಲೇಸು. ಒಂದನ್ನು ಮಾತ್ರ ನೆನಪಿಡಬೇಕು: ಮುಂಗಡ ಕಟ್ಟಿದ ಅವಧಿ ಮುಗಿಯುವವರೆಗೆ ಖಾತೆಯನ್ನು ನಡುವೆ ಮುಚ್ಚಲು ಬರುವುದಿಲ್ಲ.

ತೋಟದ ಬಟವಾಡೆಯನ್ನು ನಂಬಿದ ಮನೆಗಳಿಗೆ ಮುಂಗಡದ ದಾರಿಯಿಲ್ಲ. ಅವರಿಗೆ ಮಹಿಳಾ ಪ್ರಧಾನ್ ಕ್ಷೇತ್ರೀಯ ಬಚತ್ ಯೋಜನೆಯ ಏಜೆಂಟರು ನೆರವಾಗುತ್ತಾರೆ. ಇವರು ಮನೆಗೆ ಬಂದು ಕಂತು ಪಡೆಯುತ್ತಾರೆ, ಇವರ ಶೇ. 4ರ ಕಮಿಷನ್ನನ್ನು ಸರ್ಕಾರ ಕೊಡುತ್ತದೆ. ಕಟ್ಟುವವರು ಒಂದು ಪೈಸೆಯನ್ನೂ ಹೆಚ್ಚಿಗೆ ಕೊಡಬೇಕಿಲ್ಲ. ದುಡ್ಡು ಕೊಟ್ಟ ಕೂಡಲೇ ಏಜೆಂಟರ ಕಾರ್ಡಿನಲ್ಲಿ ಮೊತ್ತ, ದಿನಾಂಕ ಬರೆಸಿ ಅವರ ಸಹಿ ಪಡೆಯಬೇಕು, ಮುಂದಿನ ಸಲ ಪಾಸ್‌ಬುಕ್ಕಿನಲ್ಲಿ ಅದೇ ಮೊತ್ತ ಏರಿದೆಯೇ ಎಂದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಪರಿಚಯದವರು ಎಂಬ ಸಂಕೋಚಕ್ಕೆ ಇದನ್ನು ಬಿಡಬಾರದು. ತಿಂಗಳ 15ರೊಳಗೆ ತೆರೆದ ಖಾತೆಯ ಕಂತನ್ನು ಪ್ರತಿ ತಿಂಗಳು 15ರೊಳಗೇ ಕಟ್ಟಬೇಕು. ತಪ್ಪಿದರೆ 100 ರೂಪಾಯಿಗೆ 1 ರೂಪಾಯಿ ದಂಡ. ನಾಲ್ಕು ಕಂತು ತಪ್ಪಿದ ಮೇಲೆ ಖಾತೆಗೆ ಜೀವ ಕೊಡಲು ಎರಡೇ ತಿಂಗಳ ಅವಕಾಶ.

ಇದರ ದೊಡ್ಡ ಕೊರತೆ ಅವಧಿಯದು. ಹಬ್ಬ ವರ್ಷಕ್ಕೊಮ್ಮೆ ಬರುತ್ತದೆ, ಖಾತೆ ಐದು ವರ್ಷಕ್ಕೆ ಮುಗಿಯುತ್ತದೆ. ಮೂರು ವರ್ಷದ ಮೊದಲು ಮುಚ್ಚುವಂತಿಲ್ಲ; ಆಮೇಲೆ ಮುಚ್ಚಿದರೂ ಉಳಿತಾಯ ಖಾತೆಯ ಬಡ್ಡಿಯಷ್ಟೇ ಸಿಗುತ್ತದೆ. ಇದಕ್ಕೆ ನಾನು ಸೂಚಿಸುವ ಉಪಾಯವೆಂದರೆ ಪ್ರತಿ ಆಗಸ್ಟ್‌ನಲ್ಲಿ 300 ರೂಪಾಯಿಯ ಒಂದೊಂದು ಹೊಸ ಖಾತೆ ತೆರೆಯುತ್ತ ಹೋಗುವುದು. ಐದನೆಯ ಖಾತೆಯ ಹೊತ್ತಿಗೆ ತಿಂಗಳ ಹೊರೆ 1,500 ರೂಪಾಯಿಗೆ ಏರುತ್ತದೆ ನಿಜ, ಆದರೆ ಅಲ್ಲಿಂದ ಮುಂದೆ ಪ್ರತಿ ವರ್ಷ ಕೈಲ್ ಪೊಳ್ದಿನ ಮೊದಲು ಸುಮಾರು 21,400 ರೂಪಾಯಿ ಕೈಗೆ ಬರುತ್ತದೆ, ಮುಗಿದ ಖಾತೆಯ ಜಾಗದಲ್ಲಿ ಹೊಸದನ್ನು ತೆರೆಯಬಹುದು. ಅಲ್ಲಿಯವರೆಗಿನ ಹಬ್ಬಗಳಿಗೆ ಬ್ಯಾಂಕಿನ ಹನ್ನೆರಡು ತಿಂಗಳ ಆರ್‌ಡಿಯೇ ಸರಿ.

ಇದನ್ನು ಅಂಗಡಿಯ ‘ಬಡ್ಡಿಯಿಲ್ಲದ ಕಂತಿ’ನೊಂದಿಗೆ ಹೋಲಿಸದೆ ವಿಮರ್ಶೆ ಪೂರ್ಣವಾಗದು. ಶೂನ್ಯ ಬಡ್ಡಿ ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ತಿಳಿಸಿತ್ತು. ರೊಕ್ಕ ಕೊಟ್ಟು ಕೊಳ್ಳುವವರಿಗೆ ಸಿಗುವ ರಿಯಾಯಿತಿ ಕಂತಿನವರಿಗೆ ಸಿಗದಿದ್ದರೆ ಅದೇ ಬಡ್ಡಿ; ಸಂಸ್ಕರಣಾ ಶುಲ್ಕ, ಅದರ ಮೇಲಿನ ಶೇ. 18 ಜಿಎಸ್‌ಟಿ ಬೇರೆ. 2024ರ ಅಕ್ಟೋಬರ್‌ನಿಂದ ಇಂಥ ಸಾಲಗಳಿಗೆ, ಎಲ್ಲ ಶುಲ್ಕಗಳನ್ನು ಸೇರಿಸಿದ ವಾರ್ಷಿಕ ದರವನ್ನು ತೋರಿಸುವ ವಿವರಪತ್ರ ಕೊಡುವುದು ಕಡ್ಡಾಯವಾಗಿದೆ; ಸಹಿ ಹಾಕುವ ಮೊದಲು ಅದನ್ನು ಕೇಳಿ ಓದಿ. ಕ್ರೆಡಿಟ್ ಕಾರ್ಡಿನ ಬಾಕಿಗಂತೂ ಬಹಳಷ್ಟು ಕಡೆ ತಿಂಗಳಿಗೇ ಶೇ. 3ಕ್ಕಿಂತ ಹೆಚ್ಚು ಬೀಳುತ್ತದೆ. ತುರ್ತು ಬಂದರೆ, ಒಂದು ವರ್ಷ ಕಟ್ಟಿದ ಆರ್‌ಡಿಯ ಮೇಲೆ ಅರ್ಧದಷ್ಟು ಮೊತ್ತವನ್ನು ಖಾತೆಯ ಬಡ್ಡಿಗಿಂತ ಶೇ. 2 ಹೆಚ್ಚಿನ ದರಕ್ಕೆ, ಅಂದರೆ ಈ ಲೆಕ್ಕದಲ್ಲಿ ವರ್ಷಕ್ಕೆ ಶೇ. 8.7ಕ್ಕೆ, ಸಾಲ ಪಡೆಯಬಹುದು.

ಕಾಫಿ, ಮೆಣಸಿನ ಆದಾಯವಿರುವ ಮನೆಗಳಿಗೆ ಈ ಖಾತೆಯನ್ನು ನಾನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ, ದಿನಗೂಲಿಯ ಮನೆಗಳಿಗೆ 100 ಅಥವಾ 200 ರೂಪಾಯಿಯ ಕಂತಿನೊಂದಿಗೆ. ಈಗಾಗಲೇ ಕಾರ್ಡಿನ ಬಾಕಿ ಹೊತ್ತಿರುವವರು ಮಾತ್ರ ಇದನ್ನು ಈಗಲೇ ತೆರೆಯಬಾರದು, ಶೇ. 6.7ರ ಗಳಿಕೆಗಾಗಿ ಅದರ ಹಲವು ಪಟ್ಟು ಬಡ್ಡಿಯನ್ನು ಬೆಳೆಯಲು ಬಿಡುವುದರಲ್ಲಿ ಅರ್ಥವಿಲ್ಲ, ಅಂಥವರು ಈ ವರ್ಷದ ಕಾಫಿ ದುಡ್ಡಿನಲ್ಲಿ ಮೊದಲು ಆ ಬಾಕಿಯನ್ನು ತೀರಿಸಿ ಮುಂದಿನ ಆಗಸ್ಟ್‌ನಲ್ಲಿ ಅಂಚೆ ಕಚೇರಿಗೆ ಹೋಗಲಿ.