ಸೆಕ್ಸ್ ಥೆರಪಿ ಕಲಿಯಲು ಮೂರು ಕೋರ್ಸು: ನನ್ನ ಓಟು ಬೆಂಗಳೂರಿನ ಭಾನುವಾರದ ತರಗತಿಗೆ

ಮೊದಲೇ ಹೇಳಿಬಿಡುತ್ತೇನೆ. ತುಮಕೂರಿನಂಥ ಊರಲ್ಲಿ ಕೂತು ದಂಪತಿಗಳ ಲೈಂಗಿಕ ಸಮಸ್ಯೆ ನೋಡುವ ಥೆರಪಿಸ್ಟ್ ಆಗಬೇಕಾದರೆ, ನಮ್ಮ ಕೇಸುಗಳನ್ನು ಕೇಳಿಸಿಕೊಂಡು ತಿದ್ದುವವರು ಒಬ್ಬರು ಬೇಕೇ ಬೇಕು. ನನಗೆ ಅವರು ಸಿಕ್ಕಿದ್ದು ಬೆಂಗಳೂರಿನ ಒಂದು ವರ್ಷದ ಪಿಜಿ ಡಿಪ್ಲೊಮಾದಲ್ಲಿ, ಭಾನುವಾರಗಳಲ್ಲಿ. ಉಳಿದ ಎರಡನ್ನೂ ದುಡ್ಡು ಕೊಟ್ಟೇ ನೋಡಿದ್ದೇನೆ. ಒಂದು, ರೆಕಾರ್ಡ್ ಮಾಡಿದ ವಿಡಿಯೊಗಳ ಸರ್ಟಿಫಿಕೇಟ್ ಕೋರ್ಸು. ಇನ್ನೊಂದು, ಬ್ರಿಟನ್ನಿನ ಆನ್‌ಲೈನ್ ಡಿಪ್ಲೊಮಾ. ಅದರ ಫೌಂಡೇಶನ್ ಹಂತ ಮುಗಿಸಿದೆ, ಮುಂದಕ್ಕೆ ಹೋಗಲಿಲ್ಲ.

ನಾನು ಎಂಎಸ್‌ಸಿ ಸೈಕಾಲಜಿ ಓದಿ ಇಲ್ಲೇ ಕೌನ್ಸೆಲಿಂಗ್ ಮಾಡುವವಳು. ನಿದ್ದೆ ಬರಲ್ಲ, ಮನೇಲಿ ಜಗಳ ಅಂತ ಬರುತ್ತಾರೆ. ಎರಡನೇ ಸಲ ಬಂದಾಗ ಬಾಗಿಲು ಸರಿಯಾಗಿ ಹಾಕಿದೆಯಾ ಅಂತ ತಿರುಗಿ ನೋಡಿ, ನಿಜವಾದ ವಿಷಯ ಹೇಳುತ್ತಾರೆ. ಅಲ್ಲಿಗೆ ನನ್ನ ಓದು ಸಾಲದಾಗುತ್ತಿತ್ತು. ನಿಮ್ಹಾನ್ಸ್‌ನಲ್ಲಿ ಎಂಫಿಲ್ ಮಾಡಬಹುದಿತ್ತಲ್ಲಾ ಅನ್ನುತ್ತೀರಿ. ಅದು ಎರಡು ವರ್ಷ ಪೂರ್ತಿ ಹೊತ್ತಿನದು. ಸ್ಕೂಲಿಗೆ ಹೋಗುವ ಮಗು, ತಿಂಗಳ ಬಾಡಿಗೆ ಇರುವವಳಿಗೆ ಆಗುವ ಮಾತಲ್ಲ.

ವಿಡಿಯೊ ಕೋರ್ಸಿನ ಬಗ್ಗೆ ಜಾಸ್ತಿ ಹೇಳಲು ಏನಿಲ್ಲ. ಅಗ್ಗ, ಮೇಲೆ ಜಿಎಸ್‌ಟಿ. ಅಮೆರಿಕದ ಲೈಂಗಿಕ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್, ಕಾಮೋದ್ರೇಕವಾದಾಗ ದೇಹ ದಾಟುತ್ತದೆ ಅಂತ 1966ರಲ್ಲಿ ಹೇಳಿದ ನಾಲ್ಕು ಹಂತಗಳ ಚಿತ್ರ, ಒಂದಷ್ಟು ಪಿಡಿಎಫ್, ಕೊನೆಗೆ ಟಿಕ್ ಹಾಕುವ ಪರೀಕ್ಷೆ. ತಪ್ಪು ಟಿಕ್ ಹಾಕಿದರೆ ಅದೇ ಪ್ರಶ್ನೆ ಮತ್ತೆ ಬರುತ್ತದೆ, ಸರಿಯಾಗುವವರೆಗೂ. ಸಕ್ಕರೆ ಕಾಯಿಲೆ ಇರುವ ಗಂಡಸು ನಿಮಿರುವಿಕೆ ತೊಂದರೆ ಅಂತ ಬಂದರೆ ಮೊದಲು ಯಾವ ಡಾಕ್ಟರ ಹತ್ತಿರ ಕಳಿಸಬೇಕು? ಖಿನ್ನತೆಗೆ ಮಾತ್ರೆ ತಗೊಳ್ಳುವವರಿಗೆ ಆಸೆ ಕಡಿಮೆಯಾಗಿದ್ದರೆ ಅದು ಮಾತ್ರೆಯಿಂದಲೋ ಕಾಯಿಲೆಯಿಂದಲೋ ಹೇಗೆ ವಿಚಾರಿಸಬೇಕು? ಒಂದಕ್ಷರ ಇಲ್ಲ. ಆದರೆ ಸರ್ಟಿಫಿಕೇಟಿನಲ್ಲಿ ಮಾತ್ರ ದಪ್ಪ ಅಕ್ಷರದಲ್ಲಿ ‘ಸರ್ಟಿಫೈಡ್ ಸೆಕ್ಸ್ ಥೆರಪಿಸ್ಟ್’. ನಮ್ಮಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಕೆಲಸ ಮಾಡಲು ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಬೇಕು. ಸೆಕ್ಸ್ ಥೆರಪಿಸ್ಟ್ ಅನ್ನುವುದಕ್ಕೆ ಅಲ್ಲಿ ಬೇರೆ ಪಟ್ಟಿಯೇ ಇಲ್ಲ. ಅದಕ್ಕೇ ಇಂಥ ಸರ್ಟಿಫಿಕೇಟುಗಳು ಇಷ್ಟು ಸುಲಭವಾಗಿ ಹುಟ್ಟುತ್ತವೆ. ಅದು ಈಗಲೂ ನನ್ನ ಇಮೇಲ್‌ನಲ್ಲೇ ಇದೆ, ಪ್ರಿಂಟ್ ತೆಗೆಸಿಲ್ಲ.

ಬ್ರಿಟನ್ನಿನದು ಗಟ್ಟಿ ಕೋರ್ಸು, ಅದರಲ್ಲಿ ಎರಡು ಮಾತಿಲ್ಲ. ಅಲ್ಲೂ ಸೆಕ್ಸ್ ಥೆರಪಿಸ್ಟ್ ಅಂತ ಯಾರು ಬೇಕಾದರೂ ಹಾಕಿಕೊಳ್ಳಬಹುದು, ಕಾನೂನಿನ ತಡೆ ಇಲ್ಲ. ಅದಕ್ಕೇ ಕಾಲೇಜ್ ಆಫ್ ಸೆಕ್ಸುಯಲ್ ಅಂಡ್ ರಿಲೇಶನ್‌ಶಿಪ್ ಥೆರಪಿಸ್ಟ್ಸ್ ಅನ್ನುವ ಸಂಸ್ಥೆ ತನ್ನದೇ ರಿಜಿಸ್ಟರ್ ಇಟ್ಟುಕೊಂಡಿದೆ, ಕೋರ್ಸುಗಳಿಗೂ ಮಾನ್ಯತೆ ಕೊಡುತ್ತದೆ. ಫೌಂಡೇಶನ್‌ನಲ್ಲಿ ಮೊದಲು ನಮ್ಮನ್ನೇ ಕೂರಿಸಿ ನಮ್ಮ ಸಂಕೋಚಗಳನ್ನು ಹೊರಗೆ ತೆಗೆಸಿದರು. ಅಜ್ಜಿ, ಅಮ್ಮ, ಅತ್ತೆ, ಈ ವಿಷಯದಲ್ಲಿ ಯಾರು ಏನು ಹೇಳಿದರು, ಯಾರು ಬಾಯಿ ಮುಚ್ಚಿಸಿದರು ಅಂತ ವಂಶವೃಕ್ಷದ ಥರ ಬರೆಸಿದರು. ಸೆಕ್ಸುಯಲ್ ಜಿನೋಗ್ರಾಮ್ ಅನ್ನುತ್ತಾರೆ. ಅದೊಂದಕ್ಕೇ ಕೊಟ್ಟ ದುಡ್ಡು ವಸೂಲಾಯಿತು ಅಂದರೂ ಸರಿ. ಅಲ್ಲಿನ ಬೆಳಗಿನ ಕ್ಲಾಸು ಚಳಿಗಾಲದಲ್ಲಿ ನಮಗೆ ಮಧ್ಯಾಹ್ನ ಮೂರಕ್ಕೆ ಶುರು, ರಾತ್ರಿ ಊಟದ ಹೊತ್ತಿಗೂ ಮುಗಿದಿರುವುದಿಲ್ಲ. ಅದು ಸಣ್ಣ ತಾಪತ್ರಯ.

ದೊಡ್ಡದು ಪ್ಲೇಸ್‌ಮೆಂಟ್.

ಡಿಪ್ಲೊಮಾ ಹಂತಕ್ಕೆ ಕಾಲಿಡಬೇಕಾದರೆ ಕ್ಲೈಂಟ್‌ಗಳನ್ನು ನೋಡಲು ಒಂದು ಜಾಗ ತೋರಿಸಬೇಕು. ಆಸ್ಪತ್ರೆಯೋ ಕ್ಲಿನಿಕ್ಕೋ, ಅವರ ಲೆಟರ್‌ಹೆಡ್‌ನಲ್ಲಿ ಪತ್ರ. ಅಲ್ಲಿ ಜವಾಬ್ದಾರಿ ಹೊರುವ ಒಬ್ಬರ ಸಹಿ. ಫೈಲ್ ಇಡಲು ಬೀಗ ಇರುವ ಬೀರು. ಮಾತು ಹೊರಗೆ ಕೇಳದ ರೂಮು. ನಿಮ್ಮನ್ನು ನೋಡುತ್ತಿರುವವರು ಇನ್ನೂ ಕಲಿಯುತ್ತಿದ್ದಾರೆ ಅಂತ ಕ್ಲೈಂಟ್‌ಗೆ ಮೊದಲೇ ತಿಳಿಸಿ ಒಪ್ಪಿಗೆ. ಒಂದೂ ತಪ್ಪು ನಿಯಮ ಅಲ್ಲ. ಬರೆದುಕೊಂಡು ಹೊರಟೆ.

ಮೊದಲು ಹೋದ ನರ್ಸಿಂಗ್ ಹೋಮಿನಲ್ಲಿ ಡಾಕ್ಟರು ಕೂರಿಸಿ ಕಾಫಿ ಕೊಟ್ಟು, ಒಳ್ಳೇ ಕೆಲಸ, ಬೇಕಾದ್ದೇ ಅಂದರು. ಪತ್ರದ ಮಾದರಿ ಓದಿದ ಮೇಲೆ ಮ್ಯಾನೇಜರನ್ನು ಕರೆಸಿದರು. ಮ್ಯಾನೇಜರ್ ಓದಿ ಮಡಿಚಿ ವಾಪಸ್ ಕೊಟ್ಟರು. “ನಮ್ಮ ಲೆಟರ್‌ಹೆಡ್‌ನಲ್ಲಿ ಇದೆಲ್ಲಾ ಬೇಡ ಮೇಡಂ. ಹೆರಿಗೆಗೆ ಬರೋರು ಏನಂದ್ಕೊಳ್ತಾರೆ?” ಹೆರಿಗೆಗೆ ಬರೋರು! ಮಕ್ಕಳು ಹೇಗಾಗುತ್ತವೆ ಅಂತ ಕೇಳಬೇಕು ಅನ್ನಿಸಿತು, ಕೇಳಲಿಲ್ಲ.

ಮತ್ತೊಂದು ಕಡೆ ಪತ್ರ ಕೊಡಲು ಒಪ್ಪಿದರು. ರೂಮು ತೋರಿಸಿದರು. ಅರ್ಧ ಎತ್ತರದ ಪ್ಲೈವುಡ್ ಗೋಡೆ, ಆ ಕಡೆ ಇಂಜೆಕ್ಷನ್ ಕೊಡುವ ಜಾಗ. ಮಗು ಕಿರುಚಿದ್ದು ಪಕ್ಕದಲ್ಲೇ ಕೂತು ಕಿರುಚಿದ ಹಾಗಿತ್ತು. ಕಾಂಪೌಂಡರ್ ಬಾಗಿಲಲ್ಲಿ ನಿಂತು ಹೆಸರು, ಅಪ್ಪನ ಹೆಸರು, ಊರು ಎಲ್ಲಾ ಸೇರಿಸಿ ಗಟ್ಟಿಯಾಗಿ ಕೂಗುತ್ತಿದ್ದರು. ಗುಬ್ಬಿಯಿಂದ ಬಂದವರ ಪಕ್ಕದ ಬೆಂಚಿನಲ್ಲಿ ಅದೇ ಗುಬ್ಬಿಯವರು ಕೂತಿರುವ ಊರಿದು. ಅಲ್ಲಿ ಯಾರು ಬಾಯಿ ಬಿಡುತ್ತಾರೆ?

ಕೊನೆಗೆ ರೂಮಿನದ್ದು ಹೇಗೋ ಸರಿಮಾಡಬಹುದು ಅಂದುಕೊಂಡರೆ, ಆಡಿಯೊ ರೆಕಾರ್ಡಿಂಗ್ ಬಂತು. ಸೂಪರ್‌ವಿಷನ್‌ಗೆ, ಅಂದರೆ ಹಿರಿಯರು ನಮ್ಮ ಕೇಸು ನೋಡಿ ತಿದ್ದುವುದಕ್ಕೆ, ಕೆಲವು ಸೆಷನ್‌ಗಳನ್ನು ಕ್ಲೈಂಟ್ ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿ ಕೊಡಬೇಕು. ನನ್ನ ಹತ್ತಿರ ಬರುವವರು ಕುರ್ಚಿಯಲ್ಲಿ ಕೂರುವ ಮೊದಲು ಟೇಬಲ್ ಮೇಲಿನ ನನ್ನ ಮೊಬೈಲ್ ನೋಡುತ್ತಾರೆ. “ಮೇಡಂ, ಅದನ್ನ ಆಫ್ ಮಾಡ್ಬಿಡಿ.” ಆಫ್ ಮಾಡಿದರೂ ಸಾಲದು, ಡ್ರಾಯರ್‌ಗೆ ಹಾಕಿ ಮುಚ್ಚಿದ ಮೇಲೇ ಮಾತು ಶುರು. ಇವರ ಹತ್ತಿರ ರೆಕಾರ್ಡಿಂಗ್‌ಗೆ ಸಹಿ ಹಾಕಿಸಿಕೊಳ್ಳುವುದಾ? ಟ್ಯೂಟರ್‌ಗೆ ಬರೆದೆ. ಬಹಳ ಮರ್ಯಾದೆಯ ಉತ್ತರ ಬಂತು: ನಿಮ್ಮ ಕಷ್ಟ ಅರ್ಥವಾಗುತ್ತದೆ, ನಿಯಮ ಎಲ್ಲರಿಗೂ ಒಂದೇ. ಅಲ್ಲಿಗೆ ನಿಲ್ಲಿಸಿದೆ.

ಬೆಂಗಳೂರಿನ ಕೋರ್ಸಿನಲ್ಲಿ ರೆಕಾರ್ಡಿಂಗ್ ಕೇಳುವುದಿಲ್ಲ. ಸೆಷನ್ ಮುಗಿದ ಕೂಡಲೇ, ಹೆಸರು ಊರು ಬಿಟ್ಟು, ಅವರು ಅಂದದ್ದು ನಾನು ಅಂದದ್ದು ನೆನಪಿದ್ದಷ್ಟು ಬರೆದು ತರಬೇಕು. ನಡುನಡುವೆ ಭಾನುವಾರಗಳಲ್ಲಿ, ನಮ್ಮ ಕೇಸು ತಿದ್ದುವ ಮೇಡಂ ತಮ್ಮ ಕ್ಲಿನಿಕ್ಕಿನಲ್ಲಿ ಕ್ಲೈಂಟ್ ಒಪ್ಪಿದರೆ ನಮ್ಮನ್ನೂ ಕೂರಿಸಿಕೊಳ್ಳುತ್ತಾರೆ. ನೆನಪಿನಿಂದ ಬರೆದದ್ದು ರೆಕಾರ್ಡಿಂಗ್‌ನಷ್ಟು ಪಕ್ಕಾ ಅಲ್ಲ, ಒಪ್ಪುತ್ತೇನೆ. ನಾವು ತಡವರಿಸಿದ ಜಾಗವನ್ನು ನಾವೇ ಬಿಟ್ಟು ಬರೆಯುವ ಸಾಧ್ಯತೆ ಇದೆ. ಆದರೆ ಮೇಡಂ ಅದನ್ನೇ ಹಿಡಿಯುತ್ತಾರೆ. “ಏನಮ್ಮಾ, ಇಲ್ಲಿ ಅವರು ಸುಮ್ಮನಾದರು ಅಂತ ಬರೆದಿದ್ದೀಯ. ಅವರಾ, ನೀನಾ?”

ಒಂದು ಉದಾಹರಣೆ ಕೊಡುತ್ತೇನೆ, ಗುರುತು ಸಿಗದ ಹಾಗೆ ಬದಲಿಸಿ. ಹೊಸದಾಗಿ ಮದುವೆಯಾದವರು, ತಿಂಗಳುಗಳಾದರೂ ಕೂಡಲು ಆಗಿಲ್ಲ. ಹುಡುಗಿಗೆ ಹೆದರಿಕೆ, ಹತ್ತಿರ ಬಂದರೆ ಮೈ ಬಿಗಿಯಾಗುತ್ತದೆ. ಸ್ತ್ರೀರೋಗ ತಜ್ಞರು ನೋಡಿ ದೇಹದಲ್ಲಿ ತೊಂದರೆ ಇಲ್ಲ ಅಂದಿದ್ದಾರೆ. ನಾನು ಕಲಿತಂತೆ ಸೆನ್ಸೇಟ್ ಫೋಕಸ್ ಹೇಳಿಕೊಟ್ಟೆ. ಸಂಭೋಗದ ಮಾತೇ ಸದ್ಯಕ್ಕೆ ಬೇಡ, ವಾರದಲ್ಲಿ ಕೆಲವು ಸಲ ಒಬ್ಬರನ್ನೊಬ್ಬರು ಸರದಿಯಲ್ಲಿ ಮುಟ್ಟುವುದು, ಮೊದಲು ಕೈ, ಬೆನ್ನು, ಅಷ್ಟೇ. ಮಾಸ್ಟರ್ಸ್ ಮತ್ತು ಜಾನ್ಸನ್ ಕಾಲದಿಂದ ಬಂದ ಮನೆಪಾಠ ಅದು. ಇಬ್ಬರೂ ತಲೆಯಾಡಿಸಿ ಹೋದರು. ಮುಂದಿನ ಸಲ ಬಂದಾಗ ಏನೂ ಮಾಡಿರಲಿಲ್ಲ. ಅದರ ಮುಂದಿನ ಸಲವೂ ಇಲ್ಲ. ಇವರಿಗೆ ಮನಸ್ಸಿಲ್ಲ ಅಂತ ನೋಟ್ಸಿನಲ್ಲಿ ಬರೆದುಕೊಂಡು ಹೋದೆ.

ಮೇಡಂ ಓದಿ ಕೇಳಿದ್ದು ಒಂದೇ: “ಅವರ ಮನೆ ನಕ್ಷೆ ಬರೆಸಿದ್ದೀಯಾ? ಯಾರು ಎಲ್ಲಿ ಮಲಗ್ತಾರೆ?” ಬರೆಸಿದೆ. ಹಾಲು, ಅಡುಗೆಮನೆ, ಒಂದು ರೂಮು. ಹಾಲಿನಲ್ಲಿ ಅತ್ತೆ ಮಾವ ಮತ್ತು ಪಿಯುಸಿ ಓದುವ ಮೈದುನ. ಬಚ್ಚಲಿಗೆ ದಾರಿ ಈ ಜೋಡಿಯ ರೂಮಿನ ಮೂಲಕ! ಚಿಲಕ ಹಾಕಿದರೆ ಮಾವ ರಾತ್ರಿ ಎದ್ದಾಗ ತಟ್ಟಬೇಕು. ಇವರಿಗೆ ಮನಸ್ಸು ಎಲ್ಲಿಂದ ಬರಬೇಕು ಹೇಳಿ. ಆಮೇಲೆ ಮನೆಪಾಠ ಬದಲಾಯಿತು. ಭಾನುವಾರ ಉಳಿದವರೆಲ್ಲ ತೋಟಕ್ಕೆ ಹೋಗುವ ಹೊತ್ತು, ಬಟ್ಟೆ ತೊಟ್ಟೇ, ಕೈ ಹಿಡಿದು ಕೂರುವುದರಿಂದ ಶುರು. ಈಗ ಯಾವ ದಂಪತಿ ಬಂದರೂ ನಾನು ಮೊದಲು ಒಂದು ಹಾಳೆ, ಪೆನ್ಸಿಲ್ ಕೊಡುತ್ತೇನೆ.

ಧಾತು (ವೀರ್ಯ) ಹೋಗುತ್ತಿದೆ, ಸುಸ್ತು ಅಂತ ಬರುವ ಹುಡುಗರ ವಿಷಯದಲ್ಲೂ ಹಾಗೇ. ಮನೋವೈದ್ಯ ಎನ್.ಎನ್. ವಿಗ್ 1960ರಲ್ಲಿ ಇದಕ್ಕೆ ಧಾತ್ ಸಿಂಡ್ರೋಮ್ ಅಂತ ಹೆಸರಿಟ್ಟರು. ಬ್ರಿಟನ್ನಿನ ಓದಿನಲ್ಲಿ ಇದು ಒಂದು ಪ್ಯಾರಾ. ಇಲ್ಲಿ ಇಡೀ ಒಂದು ಭಾನುವಾರ. ಅಮೆರಿಕದ ಮನಶ್ಶಾಸ್ತ್ರಜ್ಞ ಜ್ಯಾಕ್ ಆನನ್ 1976ರಲ್ಲಿ ಕೊಟ್ಟ ಪ್ಲಿಸಿಟ್ ಮಾದರಿಯಲ್ಲಿ ನಾಲ್ಕು ಮೆಟ್ಟಿಲು: ಮಾತಾಡಲು ಅವಕಾಶ, ಸ್ವಲ್ಪ ಮಾಹಿತಿ, ಇಂಥದ್ದು ಮಾಡಿ ಅನ್ನುವ ಸಲಹೆ, ಕೊನೆಗೆ ಪೂರ್ತಿ ಥೆರಪಿ. ನನ್ನ ಹತ್ತಿರ ಬರುವ ಹುಡುಗರಲ್ಲಿ ಬಹಳ ಜನ ಎರಡನೇ ಮೆಟ್ಟಿಲಲ್ಲೇ ಹಗುರಾಗಿ ಎದ್ದು ಹೋಗುತ್ತಾರೆ. ಅಷ್ಟರೊಳಗೆ ಲೇಹ್ಯ, ಪುಡಿಗೆ ಸಾವಿರಾರು ಸುರಿದಿರುತ್ತಾರೆ, ಪಾಪ.

ಬೆಂಗಳೂರಿನದರಲ್ಲಿ ಕೊರತೆ ಇಲ್ಲ ಅಂತಲ್ಲ. ಓದಲು ಕೊಡುವುದು ಹಳೇ ಜೆರಾಕ್ಸ್, ಕೆಲವು ಪುಟ ಅರ್ಧ ಕಪ್ಪು. 2022ರಲ್ಲಿ ಜಾರಿಗೆ ಬಂದ, ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11 ಲೈಂಗಿಕ ತೊಂದರೆಗಳನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ತೆಗೆದು ಬೇರೆ ಅಧ್ಯಾಯಕ್ಕೆ ಹಾಕಿತು. ನಮ್ಮ ಜೆರಾಕ್ಸ್‌ಗೆ ಆ ಸುದ್ದಿ ಇನ್ನೂ ತಲುಪಿಲ್ಲ. ವಿದೇಶದಲ್ಲಿ ಈ ಡಿಪ್ಲೊಮಾಗೆ ಬೆಲೆಯೂ ಇಲ್ಲ. ಇನ್ನು ಪ್ರಯಾಣ. ಬೆಳಗಿನ ರೈಲು, ಯಶವಂತಪುರದಲ್ಲಿ ಇಳಿದು ಬಸ್ಸು. ಪಠ್ಯಪುಸ್ತಕಕ್ಕೆ ಸ್ಕೂಲ್ ಮಕ್ಕಳ ಥರ ಪೇಪರ್ ಬೈಂಡ್ ಹಾಕಿದ್ದೇನೆ. ಆದರೂ ಪಕ್ಕದ ಸೀಟಿನ ಅಜ್ಜಿ ಒಳಗಿನ ಚಿತ್ರ ನೋಡಿ ಕ್ಯಾತ್ಸಂದ್ರದವರೆಗೂ ನನ್ನ ಮುಖವನ್ನೇ ನೋಡುತ್ತಿದ್ದರು.

ದುಡ್ಡಿನ ಲೆಕ್ಕ ಸರಳ. ಪೌಂಡ್ ನೂರು ರೂಪಾಯಿ ದಾಟಿದೆ, ಮೇಲೆ ಪ್ರತಿ ಸೂಪರ್‌ವಿಷನ್ ಗಂಟೆಗೂ ಬೇರೆ ಫೀಸು. ನನ್ನ ಹತ್ತಿರ ಬರುವವರು ಕೊಡುವ ಫೀಸಿನಲ್ಲಿ ಅದು ಹುಟ್ಟುವುದಿಲ್ಲ. ಬೆಂಗಳೂರಿನದನ್ನು ಮೂರು ಕಂತಿನಲ್ಲಿ ಕಟ್ಟಿದೆ. ಜೊತೆಗೆ ನಾನು ಎದುರಿಗೆ ಯಾರಾದರೂ ಕೂತು ಗದರದಿದ್ದರೆ ಓದನ್ನು ನಾಳೆಗೆ ತಳ್ಳುವವಳು, ವಿಡಿಯೊ ನನ್ನನ್ನು ಗದರುವುದಿಲ್ಲ. ನೀವು ನೀವಾಗಿಯೇ ಕೂತು ಓದುವವರಾಗಿದ್ದು, ಮುಂದೆ ಹೊರದೇಶಕ್ಕೆ ಹೋಗುವ ಯೋಚನೆ ಇದ್ದರೆ ಬ್ರಿಟನ್ನಿನದೇ ಸರಿ. ಅಮೆರಿಕದಲ್ಲಿ ಸೆಕ್ಸ್ ಥೆರಪಿಸ್ಟರಿಗೆ ಪ್ರಮಾಣಪತ್ರ ಕೊಡುವ ಆಸೆಕ್ಟ್ ಸಂಸ್ಥೆಯ ಸರ್ಟಿಫಿಕೇಟೂ ಇದೆ, ಅದಕ್ಕೆ ಸೂಪರ್‌ವೈಸರ್ ಕೆಳಗೆ 300 ಗಂಟೆ ಕ್ಲೈಂಟ್ ಕೆಲಸ ತೋರಿಸಬೇಕು.

ಎಲ್ಲಿಗೆ ಸೇರುವುದಾದರೂ ಮೊದಲು ಪ್ಲೇಸ್‌ಮೆಂಟ್ ನಿಯಮದ ಹಾಳೆ ತರಿಸಿಕೊಳ್ಳಿ, ಜಾಗ ಕೊಡುವವರ ಸಹಿ ಕೈಗೆ ಬಂದ ಮೇಲೆ ಫೀಸು ಕಟ್ಟಿ. ನನ್ನ ಫೌಂಡೇಶನ್ ಫೀಸು ವಾಪಸ್ ಬರಲಿಲ್ಲ.